ಕೊಪ್ಪಳಕ್ಕೆ 97, ಉಡುಪಿಗೆ 63: ಸರ್ಕಾರಿ ಆ್ಯಪ್‌ನ ಪರೀಕ್ಷೆ ಯಾರ ಮೇಲೆ?

ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ, ಅಂದರೆ ಜನರ ಬಾಯಲ್ಲಿ ಜಾತಿಗಣತಿ, ಮುಗಿಯಬೇಕಿದ್ದದ್ದು 2025ರ ಅಕ್ಟೋಬರ್ 7ಕ್ಕೆ. ಅಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಕೊಟ್ಟ ಲೆಕ್ಕ ಹೀಗಿತ್ತು: ಕೊಪ್ಪಳದಲ್ಲಿ ಶೇ. 97, ಉಡುಪಿಯಲ್ಲಿ ಶೇ. 63, ದಕ್ಷಿಣ ಕನ್ನಡದಲ್ಲಿ ಶೇ. 60. ಗಡುವು ಅಕ್ಟೋಬರ್ 18ಕ್ಕೆ ಹೋಯಿತು, ಅಲ್ಲಿಂದ 31ಕ್ಕೆ ಹೋಯಿತು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯೂ 18ರವರೆಗೆ ಉದ್ದವಾಯಿತು.

ಅದೇ ಆ್ಯಪ್, ಅದೇ ತರಬೇತಿ, ಅದೇ ಶಿಕ್ಷಕ ವರ್ಗ. ಹಾಗಿದ್ದರೂ 34 ಅಂಶಗಳ ಅಂತರ ಯಾಕೆ? ಕರಾವಳಿಯಲ್ಲಿ ರಾಜಕೀಯ ವಿರೋಧ ಜಾಸ್ತಿ, ಅಲ್ಲಿಯ ಜನ ಬಾಗಿಲು ತೆರೆಯಲಿಲ್ಲ ಎಂಬುದು ಕೈಗೆ ಸಿಗುವ ಸುಲಭದ ಉತ್ತರ. ಅದರಲ್ಲಿ ಒಂದು ಪಾಲು ನಿಜ ಇದ್ದೀತು. ಆದರೆ ನನ್ನ ಕಣ್ಣು ಬೇರೆ ಕಡೆ ಹೋಗುತ್ತದೆ. ಅದಕ್ಕೆ ಕಾರಣ ನನ್ನ ಕಸುಬು.

ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಊರು ತ್ರಾಸಿ. ಕುಂದಾಪುರ ದಾಟಿ ಬೈಂದೂರಿಗೆ ಹೋಗುವಾಗ, ಹೆದ್ದಾರಿಯ ಎಡಕ್ಕೆ ಕಡಲು ಕಾಣಿಸಿಕೊಳ್ಳುವ ಜಾಗ. ಟೆಸ್ಟರ್ ಅಂದರೆ ಇನ್ನೊಬ್ಬರು ಬರೆದ ಪ್ರೋಗ್ರಾಮ್ ಎಲ್ಲಿ ಮುಗ್ಗರಿಸುತ್ತದೆ ಎಂದು ಹುಡುಕಿ ಸಂಬಳ ತಗೊಳ್ಳುವವನು. ಐಟಿ ಲೋಕದೊಳಗೂ ಮೇಲು-ಕೀಳು ಇದೆ, ಅದರಲ್ಲಿ ನಮ್ಮದು ಕೆಳಗಿನ ಸಾಲು. ಕೋಡ್ ಬರೆಯುವವರು ಕಟ್ಟುವವರು, ನಾವು ತಡ ಮಾಡುವವರು. ಗಡುವು ಹತ್ತಿರ ಬಂದಾಗ ಮೊದಲು ಕತ್ತರಿ ಬೀಳುವುದು ಟೆಸ್ಟಿಂಗ್‌ಗೆ ಇಟ್ಟ ದಿನಗಳ ಮೇಲೆ. ಖಾಸಗಿಯಲ್ಲೇ ಹೀಗಾದರೆ ಸರ್ಕಾರದಲ್ಲಿ ಏನಾಗುತ್ತದೆ ಎಂಬುದಕ್ಕೆ ಕ್ಯಾಲೆಂಡರ್ ನೋಡಿದರೆ ಸಾಕು.

ಕಾಂತರಾಜು ಆಯೋಗದ ಹಳೆಯ ಸಮೀಕ್ಷೆಯನ್ನು ಬದಿಗಿಟ್ಟು ಹೊಸದು ಮಾಡುವುದೆಂದು ಸಂಪುಟ ತೀರ್ಮಾನಿಸಿದ್ದು 2025ರ ಜೂನ್ 12ರಂದು. ಜುಲೈ ಕೊನೆಯ ಹೊತ್ತಿಗೆ ದಿನಾಂಕವೂ ಗೊತ್ತಾಯಿತು, ಸೆಪ್ಟೆಂಬರ್ 22ರಿಂದ ಅಕ್ಟೋಬರ್ 7. ಯಾಕೆ ಆ ದಿನಗಳೇ? ದಸರಾ ರಜೆ. ಸಮೀಕ್ಷೆಗೆ ಬೇಕಾದ ಸುಮಾರು 1.75 ಲಕ್ಷ ಜನ ಹೆಚ್ಚಿನಂಶ ಶಿಕ್ಷಕರು, ಅವರು ಒಟ್ಟಿಗೆ ಸಿಗುವುದು ಆಗಲೇ. ಅಂದರೆ ದಿನಾಂಕ ನಿಗದಿ ಮಾಡಿದ್ದು ಶಾಲೆಯ ಕ್ಯಾಲೆಂಡರ್. ಆ್ಯಪ್ ತಯಾರಿದೆಯೋ ಇಲ್ಲವೋ ಎಂಬ ಪ್ರಶ್ನೆ ಅದರ ನಂತರದ್ದು. ತೀರ್ಮಾನದಿಂದ ಶುರುವಿಗೆ ಸರಿಯಾಗಿ 102 ದಿನ. ಇಷ್ಟರಲ್ಲಿ 60 ಪ್ರಶ್ನೆ, ಕರೆಂಟ್ ಮೀಟರ್ ಆಧರಿಸಿ ಮನೆ ಗುರುತು, ಮ್ಯಾಪ್, ಒಟಿಪಿ, 1.75 ಲಕ್ಷ ಬಗೆಬಗೆಯ ಮೊಬೈಲ್. ಖರ್ಚು 420 ಕೋಟಿ ರೂಪಾಯಿ. ನನ್ನ ಮ್ಯಾನೇಜರ್ ಹೀಗೊಂದು ಯೋಜನೆ ತಂದಿಟ್ಟರೆ ನಾನು ಮೊದಲು ಕೇಳುವುದು: ಟೆಸ್ಟಿಂಗ್ ಯಾವ ವಾರದಲ್ಲಿ?

ಮೊದಲ ವಾರದ ಪತ್ರಿಕೆಗಳನ್ನು ತೆಗೆದು ನೋಡಿ. ಸರ್ವರ್ ಡೌನ್. ಒಟಿಪಿ ಬರ್ತಿಲ್ಲ. ಆ್ಯಪ್ ತೆರೆದುಕೊಳ್ಳುತ್ತಿಲ್ಲ. ಮ್ಯಾಪ್ ತೋರಿಸಿದ ಜಾಗಕ್ಕೆ ಹೋದರೆ ಮನೆ ಅಲ್ಲಿಲ್ಲ. ಆ ದಿನಗಳಲ್ಲಿ ನಡೆದದ್ದಕ್ಕೆ ನಮ್ಮ ಭಾಷೆಯಲ್ಲಿ ಟೆಸ್ಟಿಂಗ್ ಅಂತಲೇ ಹೆಸರು. ವ್ಯತ್ಯಾಸ ಏನಪ್ಪಾ ಅಂದರೆ, ಟೆಸ್ಟರ್‌ಗಳು ಮೇಷ್ಟ್ರುಗಳು ಮತ್ತು ಟೀಚರುಗಳು. ತಪ್ಪು ಹುಡುಕಿ ಕೊಟ್ಟದ್ದಕ್ಕೆ ಅವರಿಗೆ ಶಹಭಾಸ್ ಸಿಗಲಿಲ್ಲ, ನಿರ್ಲಕ್ಷ್ಯ ಎಂಬ ನೋಟಿಸು, ಅಮಾನತಿನ ಸುದ್ದಿಗಳು ಬಂದವು.

ಈಗ ಉಡುಪಿಯ 63ಕ್ಕೆ ಬರೋಣ. ಒಬ್ಬ ಟೆಸ್ಟರ್ ತ್ರಾಸಿಯಲ್ಲಿ ಕೂತು ಈ ಆ್ಯಪ್‌ಗೆ ಟೆಸ್ಟ್ ಕೇಸ್ ಬರೆದರೆ ಏನೆಲ್ಲ ಬರೆಯಬೇಕು? ಬಯಲುಸೀಮೆಯ ಊರಿನಲ್ಲಿ ಮನೆಗಳು ಗೋಡೆಗೆ ಗೋಡೆ ತಾಗಿಕೊಂಡಿರುತ್ತವೆ. ಒಂದು ಬೀದಿ ಹಿಡಿದರೆ ಮೂವತ್ತು ಮನೆ. ನಮ್ಮಲ್ಲಿ ಊರು ಅಂದರೆ ಚದುರಿದ ಮನೆಗಳು. ಒಂದು ತೋಟದೊಳಗೆ ಒಂದು, ಗದ್ದೆ ದಾಟಿ ಇನ್ನೊಂದು, ಗುಡ್ಡದ ಆಚೆ ಮತ್ತೊಂದು. ಮ್ಯಾಪಿನಲ್ಲಿ ಚುಕ್ಕಿ ಐವತ್ತು ಮೀಟರ್ ಆಚೀಚೆ ಆದರೆ ಬೀದಿಯಲ್ಲಿ ಪಕ್ಕದ ಮನೆ ಸಿಗುತ್ತದೆ, ಇಲ್ಲಿ ತೋಡು ಸಿಗುತ್ತದೆ. ಮೀಟರ್ ತೀರಿಹೋದ ಅಜ್ಜನ ಹೆಸರಲ್ಲಿ ಇರುತ್ತದೆ, ಅದರ ಕೆಳಗೆ ಎರಡು ಒಲೆ. ಮನೆಯ ಯಜಮಾನ ಗಂಗೊಳ್ಳಿ ಬಂದರಿನಿಂದ ಬೋಟಿನಲ್ಲಿ ಹೋದವರು, ಮೀನುಗಾರಿಕೆ ನಿಷೇಧ ಜುಲೈ 31ಕ್ಕೆ ಮುಗಿದಿರುವುದರಿಂದ ಸೆಪ್ಟೆಂಬರ್ ಅಂದರೆ ತುಂಬು ಕೆಲಸದ ಕಾಲ. ಆಧಾರ್‌ಗೆ ಜೋಡಿಸಿದ ಮೊಬೈಲ್ ಮಗನದ್ದು, ಮಗ ಮುಂಬೈಯ ಹೋಟೆಲಿನಲ್ಲಿ. ಮಧ್ಯಾಹ್ನದ ಊಟದ ರಶ್‌ನಲ್ಲಿ ಅವನ ಫೋನ್‌ಗೆ ಒಟಿಪಿ ಹೋದರೆ ಅಮ್ಮ ಶಿಕ್ಷಕಿಗೆ ಹೇಳುವುದು ಒಂದೇ, "ಅಂವ ಫೋನ್ ತೆಗಿತಿಲ್ಲೆ ಮಾರಾಯ್ತಿ." ಮಳೆ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ, ಕರೆಂಟ್ ಹೋದರೆ ಟವರೂ ಹೋದಂತೆ. ಕಡಲ ಬದಿಯ ತ್ರಾಸಿಗೆ ಪರವಾಗಿಲ್ಲ, ಹೆದ್ದಾರಿ ಇದೆ. ಹಳ್ಳಿಹೊಳೆ, ಯಡಮೊಗೆ ಕಡೆ ಘಟ್ಟದ ಬುಡಕ್ಕೆ ಹೋದರೆ ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಬೇಕು.

ಇದು ಯಾವುದೂ ವಿಚಿತ್ರ ಪ್ರಸಂಗ ಅಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಯಾವ ಅಂಗನವಾಡಿ ಟೀಚರ್ ಹತ್ತಿರ ಕೇಳಿದ್ದರೂ ಅರ್ಧ ಗಂಟೆಯಲ್ಲಿ ಪಟ್ಟಿ ಸಿಗುತ್ತಿತ್ತು.

ಇಲ್ಲಿ ಸಂಶೋಧನೆಯ ಮಾತು ಹೇಳಬೇಕು. ಯಾಕೆಂದರೆ "ಇಷ್ಟು ದೊಡ್ಡ ವ್ಯವಸ್ಥೆ, ಮೊದಮೊದಲು ಸಣ್ಣಪುಟ್ಟ ತೊಂದರೆ ಸಹಜ" ಎಂಬ ಸಮಜಾಯಿಷಿ ನಮಗೆಲ್ಲ ಬಾಯಿಪಾಠ ಆಗಿದೆ. ದೊಡ್ಡ ವ್ಯವಸ್ಥೆಗಳು ಯಾಕೆ ಬೀಳುತ್ತವೆ ಎಂದು ಅಳೆದು ನೋಡಿದವರಿದ್ದಾರೆ. 2014ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಐದು ದೊಡ್ಡ ಡೇಟಾ ವ್ಯವಸ್ಥೆಗಳ 198 ವೈಫಲ್ಯಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ವ್ಯವಸ್ಥೆ ಪೂರ್ತಿ ನೆಲಕಚ್ಚಿದ ಪ್ರಕರಣಗಳಲ್ಲಿ ಶೇ. 92ರಷ್ಟಕ್ಕೆ ಕಾರಣ ಒಂದೇ ಜಾತಿಯದು: ಯಾವುದೋ ಸಣ್ಣ ತಪ್ಪು ಆಗಿದೆ ಎಂದು ಪ್ರೋಗ್ರಾಮ್‌ಗೆ ಗೊತ್ತಾಗಿತ್ತು, ಆದರೆ ಗೊತ್ತಾದ ಮೇಲೆ ಏನು ಮಾಡಬೇಕು ಎಂಬುದನ್ನು ಸರಿಯಾಗಿ ಬರೆದಿರಲಿಲ್ಲ. ಕೆಲವು ಕಡೆ ಆ ಜಾಗ ಖಾಲಿ ಇತ್ತು. ಕೆಲವು ಕಡೆ 'ಇದನ್ನು ಆಮೇಲೆ ಮಾಡಬೇಕು' ಎಂಬ ಟಿಪ್ಪಣಿ ಮಾತ್ರ ಇತ್ತು! ಒಟ್ಟು ವೈಫಲ್ಯಗಳಲ್ಲಿ ಶೇ. 77ನ್ನು ಪುಟ್ಟ ಯೂನಿಟ್ ಟೆಸ್ಟ್‌ನಲ್ಲೇ ಮತ್ತೆ ಹುಟ್ಟಿಸಿ ತೋರಿಸಬಹುದಿತ್ತು. ಸಾವಿರ ಸರ್ವರ್ ಬೇಡ, ಒಂದು ಲ್ಯಾಪ್‌ಟಾಪ್ ಸಾಕು.

'ಎರರ್ ಬಂದಿದೆ, ಮತ್ತೆ ಪ್ರಯತ್ನಿಸಿ' ಎಂದು ಪರದೆಯ ಮೇಲೆ ಬಂದು, ತುಂಬಿದ ನಲವತ್ತು ಉತ್ತರ ಮಾಯವಾಗುತ್ತವಲ್ಲ, ಅದು ಈ ಜಾತಿಯ ತಪ್ಪು. ನೆಟ್‌ವರ್ಕ್ ಹೋಗುವುದು ಪ್ರಕೃತಿ. ಹೋದಾಗ ಉತ್ತರಗಳನ್ನು ಫೋನಿನಲ್ಲಿ ಉಳಿಸಿಕೊಳ್ಳುವುದು, ಸಿಗ್ನಲ್ ಸಿಕ್ಕಾಗ ಕಳಿಸುವುದು ಮನುಷ್ಯರು ಮಾಡಬೇಕಾದ ತೀರ್ಮಾನ. ಆ ತೀರ್ಮಾನ ಸರಿಯಾಗಿ ಆಗಿದೆಯಾ ಎಂದು ನೋಡಲು ಏರೋಪ್ಲೇನ್ ಮೋಡ್ ಒತ್ತಿದರೆ ಸಾಕು.

ಇನ್ನೊಂದು ಸಾಲಿನ ಕೆಲಸ ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಯದ್ದು. ವೈದ್ಯಕೀಯ ಉಪಕರಣ, ಬ್ರೌಸರ್, ನಾಸಾದ ಡೇಟಾ ವ್ಯವಸ್ಥೆ ಹೀಗೆ ಬೇರೆ ಬೇರೆ ಸಾಫ್ಟ್‌ವೇರ್‌ಗಳ ದೋಷಗಳನ್ನು ನೋಡಿದಾಗ ಅವರಿಗೆ ಕಂಡದ್ದು: ಹೆಚ್ಚಿನ ದೋಷಗಳು ಹೊರಬೀಳಲು ಒಂದೋ ಎರಡೋ ಸಂಗತಿ ಒಟ್ಟಿಗೆ ಸೇರಿದರೆ ಸಾಕು. ಆರಕ್ಕಿಂತ ಹೆಚ್ಚು ಸಂಗತಿ ಕೂಡಬೇಕಾದ ದೋಷ ಅವರಿಗೆ ಸಿಗಲಿಲ್ಲ. ಇದರ ಅರ್ಥ ದೊಡ್ಡದು. 60 ಪ್ರಶ್ನೆಗಳ ಉತ್ತರಗಳನ್ನು ಎಲ್ಲ ರೀತಿಯಲ್ಲೂ ಜೋಡಿಸಿ ನೋಡಲು ಯಾರಿಂದಲೂ ಆಗುವುದಿಲ್ಲ, ನಿಜ. ಆದರೆ ಯಾವ ಎರಡನ್ನು ತೆಗೆದುಕೊಂಡರೂ ಆ ಜೋಡಿ ಒಮ್ಮೆಯಾದರೂ ಬರುವ ಹಾಗೆ ಟೆಸ್ಟ್ ಮಾಡುವುದು ಸಾಧ್ಯ, ಅದಕ್ಕೆ ಬೇಕಾದ ಟೂಲ್ ಪುಕ್ಕಟೆ ಸಿಗುತ್ತದೆ. ಮೊಬೈಲ್ ಮಗನದ್ದು, ಮಗ ಊರಲ್ಲಿಲ್ಲ. ಮೀಟರ್ ಒಂದು, ಕುಟುಂಬ ಎರಡು. ನಮ್ಮ ಪಟ್ಟಿಯಲ್ಲಿ ಇರುವುದೆಲ್ಲ ಇಂತಹ ಎರಡರ ಜೋಡಿಗಳೇ ತಾನೆ?

ಸಮಯ ಎಲ್ಲಿತ್ತು ಅಂತೀರಾ? ಅದಕ್ಕೂ ಲೆಕ್ಕ ಇದೆ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನ ಮೈಕ್ರೋಸಾಫ್ಟ್‌ನ ಮೂರು ಮತ್ತು ಐಬಿಎಂನ ಒಂದು ತಂಡವನ್ನು ನೋಡಿತು. ಈ ತಂಡಗಳು ಮೊದಲು ಟೆಸ್ಟ್ ಬರೆದು ಆಮೇಲೆ ಕೋಡ್ ಬರೆಯುವ ಪದ್ಧತಿ ಹಿಡಿದಿದ್ದವು. ಅಂತಹದ್ದೇ ಬೇರೆ ತಂಡಗಳಿಗೆ ಹೋಲಿಸಿದರೆ ದೋಷಗಳ ಪ್ರಮಾಣ ಶೇ. 40ರಿಂದ 90ರಷ್ಟು ಕಡಿಮೆ. ಶುರುವಿನಲ್ಲಿ ಹಿಡಿದ ಹೆಚ್ಚುವರಿ ಸಮಯ ಶೇ. 15ರಿಂದ 35. ನಾಲ್ಕೇ ತಂಡಗಳ ಅನುಭವ ಇದು, ವೇದವಾಕ್ಯ ಅಲ್ಲ. ಆದರೂ 102 ದಿನದ ಲೆಕ್ಕಕ್ಕೆ ಹಾಕಿ ನೋಡಿ: ಹದಿನೈದರಿಂದ ಮೂವತ್ತಾರು ದಿನ. ನಮ್ಮ ಗಡುವು ವಿಸ್ತರಣೆ ಆದದ್ದು ಅಕ್ಟೋಬರ್ 7ರಿಂದ 31ಕ್ಕೆ, 24 ದಿನ. ಉಳಿಸಿದೆವು ಅಂದುಕೊಂಡ ದಿನಗಳನ್ನು ಕೊನೆಗೆ ಕೊಟ್ಟೇ ಕೊಟ್ಟೆವು. ಕೊಟ್ಟವರು ಯಾರು ಎಂಬುದಷ್ಟೇ ಬದಲಾಯಿತು. ವಿಸ್ತರಣೆಯ ಅಷ್ಟೂ ದಿನ ಆ್ಯಪ್‌ನಿಂದಲೇ ಆಯಿತು ಎಂದು ನಾನು ಹೇಳುತ್ತಿಲ್ಲ, ತರಬೇತಿ, ಬೀಗ ಹಾಕಿದ ಮನೆ, ಹಬ್ಬ ಎಲ್ಲ ಸೇರಿದೆ. ಆದರೆ ರಜೆ ಉದ್ದವಾದದ್ದು ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ಮಾತ್ರ. ಖಾಸಗಿ ಶಾಲೆಯ ಮಕ್ಕಳು ಪಾಠ ಕೇಳುತ್ತಿದ್ದರು. ಹಿಂದುಳಿದವರ ಸ್ಥಿತಿ ಅಳೆಯುವ ಸಮೀಕ್ಷೆಯ ತಡಕ್ಕೆ ಪಾಠ ಕಳಕೊಂಡವರು ಹಿಂದುಳಿದವರ ಮಕ್ಕಳೇ. ಇದನ್ನು ಸಣ್ಣಪುಟ್ಟ ತೊಂದರೆ ಎಂದು ಕರೆಯಲು ನನಗಂತೂ ಬಾಯಿ ಬರುವುದಿಲ್ಲ.

ಜಾತಿಗಣತಿಯನ್ನು ವಿರೋಧಿಸುವವರು ಈ ವಾದವನ್ನು ಎತ್ತಿಕೊಂಡು ಓಡುತ್ತಾರೆ ಎಂಬ ಅಳುಕು ನನಗೂ ಇದೆ. ಸಮೀಕ್ಷೆ ಬೇಕು. ಬೇಕು ಎನ್ನುವವರೇ ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಬೇಕು. ಶೇ. 63ರಲ್ಲಿ ನಿಂತ ಜಿಲ್ಲೆಯಲ್ಲಿ ಕೊನೆಗೆ ಓಡೋಡಿ ತುಂಬಿದ ಡೇಟಾ ಎಂಥದ್ದು? ಬಿಟ್ಟುಹೋದ ಮನೆ ಯಾರದ್ದು? ದಾಟಲಾಗದ ತೋಡಿನ ಆಚೆ ಇರುವುದು ಸಾಮಾನ್ಯವಾಗಿ ಬಂಗಲೆ ಅಲ್ಲ, ಕೊರಗರ ಕಾಲನಿ, ಕುಡುಬಿಯರ ಮನೆ. ಸಾಫ್ಟ್‌ವೇರ್ ಮುಗ್ಗರಿಸುವಾಗ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ.

ಬಿದ್ದಾಗ ಯಾರ ನೋವು ಯಾರಿಗೆ ಕೇಳಿಸುತ್ತದೆ ಎಂಬುದಕ್ಕೆ ಇನ್ನೊಂದು ಉದಾಹರಣೆ ನಮ್ಮ ಬೆಂಗಳೂರಿನದ್ದೇ. 2021ರ ಜೂನ್ 7ರಂದು ಇನ್ಫೋಸಿಸ್ ಕಟ್ಟಿದ ಹೊಸ ಆದಾಯ ತೆರಿಗೆ ಪೋರ್ಟಲ್ ಶುರುವಾಯಿತು. ಮರುದಿನವೇ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಟ್ವಿಟರ್‌ನಲ್ಲಿ ನಂದನ್ ನಿಲೇಕಣಿಯವರನ್ನೇ ಹೆಸರಿಸಿ ಕೇಳಿದರು. ಆಗಸ್ಟ್‌ನಲ್ಲಿ ಪೋರ್ಟಲ್ ಎರಡು ದಿನ ಪೂರ್ತಿ ಬಂದ್ ಆದಾಗ, 23ನೇ ತಾರೀಕು ಕಂಪನಿಯ ಸಿಇಒ ಸಲೀಲ್ ಪಾರೇಖ್ ಅವರನ್ನು ದೆಹಲಿಗೆ ಕರೆಸಿ ಸೆಪ್ಟೆಂಬರ್ 15ರ ಗಡುವು ಕೊಟ್ಟರು. ರಿಟರ್ನ್ಸ್ ಸಲ್ಲಿಸುವ ಕೊನೆಯ ದಿನವನ್ನು ಡಿಸೆಂಬರ್ 31ರವರೆಗೆ ಮುಂದೂಡಿದರು. ಸರಿಯಾದ ಕ್ರಮವೇ. ತೆರಿಗೆದಾರರು, ಸಿಎಗಳು ಗಲಾಟೆ ಮಾಡಿದರು, ವ್ಯವಸ್ಥೆ ಕಟ್ಟಿದವರು ಉತ್ತರ ಕೊಡಬೇಕಾಯಿತು. ರೇಷನ್ ಅಂಗಡಿಯ ಮುಂದೆ ಬೆರಳು ಒತ್ತಿ ಒತ್ತಿ ಸಾಕಾದ ಅಜ್ಜಿಗಾಗಿ ಯಾವ ಸಿಇಒ ವಿಮಾನ ಹತ್ತಿದ್ದಾರೆ? ಗ್ಯಾರಂಟಿ ಯೋಜನೆಗಳ ಅರ್ಜಿ ಹಾಕುವಾಗ 2023ರಲ್ಲಿ ಸೇವಾ ಸಿಂಧು ಕುಂಟಿದಾಗ ರಾಜ್ಯದ ಸಚಿವರೊಬ್ಬರು ಕೇಂದ್ರ ಸರ್ಕಾರವೇ ಸರ್ವರ್ ಹ್ಯಾಕ್ ಮಾಡಿದೆ ಎಂದರು. ಸರತಿ ಸಾಲಲ್ಲಿ ನಿಂತವರಿಗೆ ಸಿಕ್ಕ ಉತ್ತರ ಅದು.

ಬ್ರಿಟನ್ನಿನ ಅಂಚೆ ಇಲಾಖೆಯ ಕಥೆ ಇದಕ್ಕಿಂತ ಘೋರ. ಅಲ್ಲಿನ ಅಂಚೆ ಕಚೇರಿಗಳಿಗೆ ಫುಜಿತ್ಸು ಕೊಟ್ಟ ಹೊರೈಜನ್ ಎಂಬ ಲೆಕ್ಕದ ಸಾಫ್ಟ್‌ವೇರ್ 1999ರಿಂದ ಇಲ್ಲದ ನಷ್ಟವನ್ನು ತೋರಿಸುತ್ತಾ ಹೋಯಿತು. ಯಂತ್ರ ಸರಿ, ಪೋಸ್ಟ್‌ಮಾಸ್ಟರ್ ಕಳ್ಳ ಎಂದು 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು. ಅವರಲ್ಲಿ ಭಾರತೀಯ ಮೂಲದವರೂ ಇದ್ದರು, ಗರ್ಭಿಣಿಯಾಗಿದ್ದಾಗ ಜೈಲು ಸೇರಿದ ಒಬ್ಬ ಮಹಿಳೆಯೂ ಸೇರಿ. ಸಾಫ್ಟ್‌ವೇರ್‌ನಲ್ಲಿ ದೋಷ ಇತ್ತೆಂದು ನ್ಯಾಯಾಲಯ ಹೇಳಲು 2019ರ ಡಿಸೆಂಬರ್ ಬಂತು. ಶಿಕ್ಷೆಗಳನ್ನು ಒಟ್ಟಿಗೆ ರದ್ದು ಮಾಡುವ ಕಾನೂನು ಬಂದದ್ದು 2024ರ ಮೇನಲ್ಲಿ. ಅಲ್ಲಿ 1999ರಲ್ಲಿ ಕಾನೂನು ಬದಲಾಗಿ, ಕಂಪ್ಯೂಟರ್ ಸರಿಯಾಗಿಯೇ ಕೆಲಸ ಮಾಡುತ್ತಿತ್ತು ಎಂದು ನ್ಯಾಯಾಲಯಗಳು ಭಾವಿಸಿಕೊಳ್ಳುವಂತಾಗಿತ್ತು. ನಮ್ಮಲ್ಲಿ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಎಲೆಕ್ಟ್ರಾನಿಕ್ ದಾಖಲೆಗೆ ಪ್ರಮಾಣಪತ್ರ ಕೇಳುತ್ತದೆ, ಯಂತ್ರ ಸರಿಯಾಗಿ ಓಡುತ್ತಿತ್ತು ಎಂದು ಅದರಲ್ಲಿ ಬರೆಯಬೇಕು. ಆದರೆ ಆ ಮಾತು ನಿಲ್ಲುವುದು ಟೆಸ್ಟ್ ದಾಖಲೆ ಇದ್ದಾಗ. ಅದು ಕಪಾಟಿನೊಳಗೆ ಇದ್ದರೆ, ಗಣತಿ ಸರಿಯಾಗಿ ಮಾಡಿಲ್ಲ ಎಂಬ ನೋಟಿಸು ಹಿಡಿದು ನಿಂತ ಶಿಕ್ಷಕಿ ಯಾವ ಕಾಗದ ತೋರಿಸಬೇಕು?

ಸರ್ಕಾರಕ್ಕೆ ಪರೀಕ್ಷೆ ಮಾಡಲು ಬರುವುದೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಕೇಂದ್ರದ ಐಟಿ ಸಚಿವಾಲಯದ ಕೆಳಗೆ ಎಸ್‌ಟಿಕ್ಯುಸಿ ಎಂಬ ಗುಣಮಟ್ಟ ಪರೀಕ್ಷಾ ನಿರ್ದೇಶನಾಲಯ 1980ರಿಂದ ಇದೆ, ಬೆಂಗಳೂರಲ್ಲೂ ಅದರ ಪ್ರಯೋಗಾಲಯ ಇದೆ. ಸರ್ಕಾರಿ ವೆಬ್‌ಸೈಟ್‌ಗಳಿಗೆ ಭದ್ರತಾ ಆಡಿಟ್ ಆಗಬೇಕೆಂಬ ನಿಯಮವೂ ಇದೆ. ಹ್ಯಾಕರ್ ಒಳಗೆ ಬರುತ್ತಾನಾ ಎಂದು ನೋಡುತ್ತಾರೆ. ಯಡಮೊಗೆಯ ಟೀಚರ್ ಒಳಗೆ ಬರಲು ಆಗುತ್ತದಾ ಎಂದು ನೋಡಿ ಅದನ್ನು ಊರಿಗೆ ತೋರಿಸುವ ಪದ್ಧತಿ ಬೆಳೆದಿಲ್ಲ. 2000ದ ಸುಮಾರಿಗೆ ಇದೇ ರಾಜ್ಯ ಪಹಣಿಗಳನ್ನು ಕಂಪ್ಯೂಟರ್‌ಗೆ ಹಾಕಿದ ಭೂಮಿ ಯೋಜನೆಯನ್ನು ಕೆಲವು ತಾಲ್ಲೂಕುಗಳಲ್ಲಿ ಮೊದಲು ಓಡಿಸಿ ನೋಡಿತ್ತು, ಉಳಿದವಕ್ಕೆ ಆಮೇಲೆ ಹೋಯಿತು. ಜನಗಣತಿಯವರೂ ಹಾಗೇ ಮಾಡುತ್ತಾರೆ. ಮೊದಲ ಬಾರಿಗೆ ಡಿಜಿಟಲ್ ಆಗುವ 2027ರ ಜನಗಣತಿಗೆ 2025ರ ನವೆಂಬರ್ 10ರಿಂದ 30ರವರೆಗೆ ಆಯ್ದ ಪ್ರದೇಶಗಳಲ್ಲಿ ಪೂರ್ವಪರೀಕ್ಷೆ ನಡೆಯಿತು. ಅದನ್ನು ಮೆಚ್ಚಬೇಕು. ಅಲ್ಲಿ ಸಿಕ್ಕ ದೋಷಗಳ ಪಟ್ಟಿಯನ್ನೂ ಜನರ ಮುಂದಿಡಿ ಎಂದು ಕೇಳಬೇಕು.

ಉಡುಪಿ ಜಿಲ್ಲೆಗೆ ಇದು ಅಪರಿಚಿತ ವಿದ್ಯೆಯೂ ಅಲ್ಲ. 1996ರಲ್ಲಿ ಉಡುಪಿಯಲ್ಲಿ ಹುಟ್ಟಿದ ರೋಬೋಸಾಫ್ಟ್ ಜಗತ್ತಿನ ದೊಡ್ಡ ದೊಡ್ಡವರಿಗೆ ಆ್ಯಪ್ ಮಾಡಿಕೊಟ್ಟಿದೆ, 2021ರಲ್ಲಿ ಜಪಾನಿನ ಟೆಕ್ನೋಪ್ರೋ ಅದನ್ನು ಕೊಂಡಿತು. ಮಣಿಪಾಲದಿಂದ ಪ್ರತಿವರ್ಷ ಎಂಜಿನಿಯರ್‌ಗಳು ಹೊರಬರುತ್ತಾರೆ. ಹೊರಗಿನ ಗ್ರಾಹಕನ ಆ್ಯಪ್ ಹಳೆಯ ಫೋನಿನಲ್ಲಿ, ಕೆಟ್ಟ ನೆಟ್‌ವರ್ಕಿನಲ್ಲಿ ಓಡುತ್ತದಾ ಎಂದು ನೋಡುವುದು ನಮ್ಮ ದಿನದ ಕೂಲಿ. ನಮ್ಮ ಮನೆಯ ಬಾಗಿಲಿಗೆ ಬರುವ ಆ್ಯಪ್‌ಗೆ ಆ ಭಾಗ್ಯ ಇಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ರಾಜ್ಯದ ಯಾವುದೇ ಆ್ಯಪ್ ಎಲ್ಲ ಜಿಲ್ಲೆಗೆ ಬಿಡುವ ಮುಂಚೆ ಅತಿ ಕಷ್ಟದ ಎರಡು ತಾಲ್ಲೂಕುಗಳಲ್ಲಿ ಎರಡು ವಾರ ಓಡಲಿ. ಬೈಂದೂರು ಒಂದು ಇರಲಿ, ನೆಟ್‌ವರ್ಕಿಗೂ ಭೂಗೋಳಕ್ಕೂ ಇದಕ್ಕಿಂತ ಒಳ್ಳೆ ಪರೀಕ್ಷಾ ಕೊಠಡಿ ಸಿಗದು. ಅಲ್ಲಿ ಕೆಲಸ ಮಾಡುವ ಶಿಕ್ಷಕರಿಗೆ ಟೆಸ್ಟಿಂಗ್‌ನ ಭತ್ಯೆ ಕೊಡಿ, ಯಾಕೆಂದರೆ ಮಾಡುವುದು ಅದನ್ನೇ. ಸಿಕ್ಕ ದೋಷ, ಸರಿಪಡಿಸಿದ ದೋಷ, ಸರಿಪಡಿಸದೆ ಬಿಟ್ಟ ದೋಷ ಮೂರನ್ನೂ ಪ್ರಕಟಿಸಿ. ದೋಷ ತೆರೆದಿರುವಷ್ಟು ದಿನ ಆ ಕೆಲಸಕ್ಕಾಗಿ ಯಾರನ್ನೂ ಅಮಾನತು ಮಾಡಬೇಡಿ. ಕಂಪನಿಯ ವ್ಯಾಪಾರ ಗುಟ್ಟು ಎಂದು ಮಾಹಿತಿ ಹಕ್ಕು ಕಾಯ್ದೆಯ 8(1)(ಡಿ) ತೋರಿಸಿ ಬಾಗಿಲು ಹಾಕಲು ನೋಡಬಹುದು. ಸಾರ್ವಜನಿಕ ಹಿತ ದೊಡ್ಡದಿದ್ದರೆ ಕೊಡಬೇಕು ಎಂದು ಅದೇ ಸೆಕ್ಷನ್ ಹೇಳುತ್ತದೆ.

ಕರ್ನಾಟಕದಲ್ಲಿ ಆರ್‌ಟಿಐ ಅರ್ಜಿಗೆ 10 ರೂಪಾಯಿ, 150 ಪದದ ಮಿತಿ. ನಾನು ಬರೆದಿಟ್ಟುಕೊಂಡದ್ದು ಅದರಲ್ಲಿ ಆರಾಮಾಗಿ ಕೂರುತ್ತದೆ, ಬೇಕಾದವರು ಬಳಸಿಕೊಳ್ಳಿ. ಕರ್ನಾಟಕ ರಾಜ್ಯ ಹಿಂದುಳಿದ ವರ್ಗಗಳ ಆಯೋಗಕ್ಕೆ: 2025ರ ಸೆಪ್ಟೆಂಬರ್ 22ಕ್ಕೆ ಮುಂಚೆ ಸಮೀಕ್ಷೆಯ ಆ್ಯಪ್ ಅನ್ನು ಯಾವ ತಾಲ್ಲೂಕುಗಳಲ್ಲಿ, ಎಷ್ಟು ದಿನ, ಎಷ್ಟು ಬಗೆಯ ಮೊಬೈಲ್‌ಗಳಲ್ಲಿ ಪರೀಕ್ಷಿಸಲಾಯಿತು? ಸಿಕ್ಕ ದೋಷಗಳ ಪಟ್ಟಿಯ ಪ್ರತಿ ಕೊಡಿ.